ಹೆದ್ದಾರಿ ಅಗಲವಾಗುವ ಮೊದಲು: ಪುರಾತತ್ವ ಸಮೀಕ್ಷೆ ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ರಸ್ತೆ ಪಕ್ಕದಲ್ಲೇ ಒಂದು ಬೂದಿಗುಡ್ಡವಿದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಯಾರೋ ಮಣ್ಣು ಸುರಿದು ಮರೆತುಹೋದ ದಿಬ್ಬ. ಹತ್ತಿರ ಹೋಗಿ ಒಂದು ಹೆಂಟೆ ಎತ್ತಿದರೆ ನೋಡಲು ಕಲ್ಲು, ಗಡಸೂ ಕಲ್ಲಿನದೇ, ತೂಕ ಮಾತ್ರ ಇಲ್ಲ. ಒಳಗೆಲ್ಲ ನೊರೆಯಂತೆ ತೂತು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ರಾಶಿ ಹಾಕುತ್ತ, ಆಗಾಗ ಸುಡುತ್ತ ಬಂದರು. ಆ ಕಾವಿಗೆ ಬೂದಿಯೇ ಕರಗಿ ಗಟ್ಟಿಯಾಯಿತು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಹಟ್ಟಿಯ ಗುರುತು ಅದು. ಹಂಪಿ ಬಳಿಯ ನಿಂಬಾಪುರದಲ್ಲಿ ಇಂಥದೇ ಗುಡ್ಡೆಯನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ.

ಪುರಾಣ ಅಂಟಿಕೊಂಡ ಗುಡ್ಡೆಗೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಹೆಸರಿಲ್ಲದ ಗುಡ್ಡೆ ಟಿಪ್ಪರ್‌ಗೆ ತುಂಬಲು ಸಿದ್ಧವಿರುವ ಮಣ್ಣು, ಅಷ್ಟೆ.

ಈ ಬರಹ ರಸ್ತೆ ಬರುವ ಊರುಗಳ ಇತಿಹಾಸ ಉಪನ್ಯಾಸಕರು, ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು ಮತ್ತು ಯೋಜನಾ ವರದಿ ತಯಾರಿಸುವ ಸಂಸ್ಥೆಗಳಲ್ಲಿ ಕೆಲಸಕ್ಕಿರುವ ಎಳೆಯ ಎಂಜಿನಿಯರುಗಳಿಗಾಗಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಳೆ ಮೈಸೂರಿನಲ್ಲಿ ಸಿಗುವ ವಸ್ತು ಬೇರೆಯಾದರೂ ಕ್ರಮ ಇದೇ.

ರಸ್ತೆ ಎಷ್ಟು ನೆಲ ತಿನ್ನುತ್ತದೆ?

ಮೊದಲು ಒಂದು ಲೆಕ್ಕ. ಹೊಸ ಪಥಕ್ಕಾಗಿ 12 ಮೀಟರ್ ಅಗಲದ ಏರಿಯನ್ನು ಒಂದೇ ಒಂದು ಮೀಟರ್ ಎತ್ತರಿಸುತ್ತಾರೆ ಎನ್ನಿ. ಒಂದು ಕಿಲೋಮೀಟರಿಗೆ 12,000 ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರ್‌ಗೆ 12 ಘನ ಮೀಟರ್ ಎಂದರೂ ಸಾವಿರ ಲೋಡು. ಒಂದೂವರೆ ಮೀಟರ್ ಆಳಕ್ಕೆ ಗರಸು ಎತ್ತಿದರೆ ಸುಮಾರು ಎರಡು ಎಕರೆ ಹೊಲ ಗುಂಡಿಯಾಗುತ್ತದೆ. ಐವತ್ತು ಕಿಲೋಮೀಟರಿಗೆ ನೂರು ಎಕರೆ! ಈ ನೂರು ಎಕರೆ ರಸ್ತೆಯ ನಕ್ಷೆಯಲ್ಲಿ ಇರುವುದೇ ಇಲ್ಲ. ಎಲ್ಲೋ ಎರಡು ಕಿಲೋಮೀಟರ್ ಒಳಗೆ, ರೈತನೊಬ್ಬ ‘ದಿಬ್ಬ ತೆಗೆದುಕೊಂಡು ಹೋಗಿ, ಹೊಲ ಮಟ್ಟಸವಾಗಲಿ’ ಎಂದು ಒಪ್ಪಿದ ಜಾಗದಲ್ಲಿ ಇರುತ್ತದೆ. ಮಟ್ಟಸವಾದ ಹೊಲಗಳ ನಡುವೆ ಉಳಿದ ದಿಬ್ಬ ಹಾಳೂರೂ ಆಗಿರಬಹುದು.

ಹಾಗಾಗಿ ಸಮೀಕ್ಷೆ ಎಂದರೆ ರಸ್ತೆಯ ಗೆರೆಯ ಜೊತೆಗೆ ಮಣ್ಣಿನ ಗುಂಡಿ, ಕಲ್ಲಿನ ಕ್ವಾರಿ, ಕ್ರಷರ್, ಡಾಂಬರು ಪ್ಲಾಂಟು, ಕಾರ್ಮಿಕರ ಕ್ಯಾಂಪು, ತಾತ್ಕಾಲಿಕ ದಾರಿ ಎಲ್ಲವನ್ನೂ ನೋಡುವುದು. ನಾನು ಕಂಡಂತೆ ಹೆಚ್ಚಿನ ವರದಿಗಳು ಎಡವುವುದು ಇಲ್ಲೇ. ಗೆರೆಯ ಮೇಲೆ ಏನೂ ಇಲ್ಲ ಎಂದು ಸರಿಯಾಗಿಯೇ ಬರೆದಿರುತ್ತಾರೆ. ಗೆರೆಯಾಚೆ ಯಾರೂ ಹೋಗಿರುವುದಿಲ್ಲ.

ಹೆಜ್ಜೆ 1: ಕಾಗದ ಕೈಗೆ ತೆಗೆದುಕೊಳ್ಳಿ, ದಿನ ಎಣಿಸಿ

ರಾಷ್ಟ್ರೀಯ ಹೆದ್ದಾರಿಯಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಂ ಅಡಿ ಭೂಸ್ವಾಧೀನದ ಅಧಿಸೂಚನೆ ಬರುತ್ತದೆ. ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು 3ಸಿ ಕಲಂ ಪ್ರಕಾರ ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. ಸ್ವಾಧೀನವನ್ನು ಖಚಿತಪಡಿಸುವ 3ಡಿ ಘೋಷಣೆ ಆಗಿಬಿಟ್ಟರೆ ಗೆರೆ ಅಲುಗಿಸುವುದು ಬಹಳ ಕಷ್ಟ. ಆದ್ದರಿಂದ ಪತ್ರಿಕೆಯಲ್ಲಿ ಸರ್ವೆ ನಂಬರುಗಳ ಪಟ್ಟಿ ಕಂಡ ದಿನವೇ ಕೆಲಸ ಶುರುವಾಗಬೇಕು.

ಕೇಳಿ ಪಡೆಯಬೇಕಾದ್ದು: ಡಿಪಿಆರ್‌ನ (ವಿವರವಾದ ಯೋಜನಾ ವರದಿ) ಅಲೈನ್‌ಮೆಂಟ್ ನಕ್ಷೆ, ಅಂದರೆ ರಸ್ತೆ ಹಾಯುವ ಗೆರೆ, ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ) ಪಟ್ಟಿ, ರಸ್ತೆಗೆ ಬಿಟ್ಟಿರುವ ಜಾಗದ ಅಗಲ, ಮಣ್ಣು ಎತ್ತುವ ಜಾಗಗಳ ಪಟ್ಟಿ. ಕೊನೆಯದನ್ನು ‘ಇನ್ನೂ ತೀರ್ಮಾನವಾಗಿಲ್ಲ’ ಎನ್ನುತ್ತಾರೆ, ಎಷ್ಟೋ ಸಲ ಅದು ನಿಜವೂ ಹೌದು. ಗುತ್ತಿಗೆದಾರ ಬಂದ ಮೇಲೆ ಮತ್ತೆ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದ ಗಡುವಿದೆ, ಆಕ್ಷೇಪಣೆಯ 21 ದಿನಕ್ಕೆ ಅದು ಒದಗುವುದಿಲ್ಲ. ಮೊದಲು ಕಚೇರಿಗೆ ಹೋಗಿ ಕುಳಿತುಕೊಳ್ಳುವುದೇ ವಾಸಿ.

ಪರಿಸರ ಅನುಮತಿಯ ವರದಿಯಲ್ಲಿ ಪುರಾತತ್ವದ ಅಧ್ಯಾಯ ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2013ರಲ್ಲಿ ತಂದ ತಿದ್ದುಪಡಿಯಂತೆ, ಇರುವ ರಾಷ್ಟ್ರೀಯ ಹೆದ್ದಾರಿಯನ್ನು ವಿಸ್ತರಿಸುವಾಗ ಉದ್ದ 100 ಕಿ.ಮೀ. ದಾಟಿ, ಹೆಚ್ಚುವರಿ ಜಾಗ ಹಳೆ ದಾರಿಯಲ್ಲಿ 40 ಮೀಟರ್, ಬೈಪಾಸಿನಲ್ಲಿ 60 ಮೀಟರ್ ದಾಟಿದರಷ್ಟೇ ಆ ಅನುಮತಿ ಬೇಕು. ಅಗಲೀಕರಣದ ಎಷ್ಟೋ ಕಾಮಗಾರಿಗಳು ಈ ಕಣ್ಣಿನಿಂದ ಜಾರಿಕೊಳ್ಳುತ್ತವೆ. ವಿಶ್ವಬ್ಯಾಂಕ್, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಂಥವುಗಳಲ್ಲಿ (ನಮ್ಮ ಕೆ-ಶಿಪ್) ಸಾಂಸ್ಕೃತಿಕ ಆಸ್ತಿಯ ಷರತ್ತುಗಳು ಬಿಗಿ. ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ.

ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ದಾರಿ ಬೇರೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಅದು. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ಹಂಪಿಯನ್ನು 1999ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದಕ್ಕೆ ಮುಖ್ಯ ಕಾರಣ ಸೇತುವೆ ಕಟ್ಟೋಣವೇ. ಆ ಪಟ್ಟಿಯಿಂದ ಹೊರಬರಲು 2006ರ ತನಕ ಕಾಯಬೇಕಾಯಿತು. ಆದರೆ ನಿಮ್ಮ ಸಮೀಕ್ಷೆಯಲ್ಲಿ ಸಿಗುವುದರಲ್ಲಿ ಹತ್ತಕ್ಕೆ ಒಂಬತ್ತು ಯಾವ ಪಟ್ಟಿಯಲ್ಲೂ ಇರುವುದಿಲ್ಲ ಎಂದೇ ಎಣಿಸಿ ಹೊರಡಿ.

ಹೆಜ್ಜೆ 2: ಮೇಜಿನ ಮೇಲೆ ನಡೆದಾಡಿ

ಎರಡು ವಾರ ಮೇಜಿನ ಮುಂದೆ ಕೂತರೆ ಹೊಲದಲ್ಲಿ ಎರಡು ತಿಂಗಳು ಉಳಿಯುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯ ಮೇಲೆ ಗೆರೆ ಎಳೆಯಿರಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನು ಪಕ್ಕದಲ್ಲಿಡಿ. ಗ್ರಾಮ ನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ‘ಬೇಚಿರಾಕ್’ ಎಂಬ ಮಾತನ್ನು, ಅಂದರೆ ದಾಖಲೆಯಲ್ಲಿ ಹೆಸರಿದ್ದೂ ದೀಪ ಹಚ್ಚುವವರಿಲ್ಲದ ಊರು. ಆ ಸರ್ವೆ ನಂಬರುಗಳಲ್ಲಿ ಬಹಳ ಸಲ ಮಧ್ಯಕಾಲದ ಹಾಳೂರು ಸಿಕ್ಕೇ ಸಿಗುತ್ತದೆ.

ಶಾಸನಗಳಿಗೆ ಬಳ್ಳಾರಿ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟವನ್ನೂ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ನೋಡಬೇಕು. ಹಳೆ ಮೈಸೂರಿಗೆ ಎಪಿಗ್ರಾಫಿಯಾ ಕರ್ನಾಟಿಕ. ಶಾಸನದಲ್ಲಿ ಹೆಸರಿಸಿದ ಕೆರೆ, ಗಡಿಕಲ್ಲು, ‘ಹಿರಿಯ ದಾರಿ’ ಇವನ್ನು ನಕ್ಷೆಗೆ ಇಳಿಸಿ. ಇಂದಿನ ಹೆದ್ದಾರಿ ಎಷ್ಟೋ ಕಡೆ ಹಳೆಯ ಹೆದ್ದಾರಿಯ ಮೇಲೇ ಮಲಗಿದೆ. ಮಂಟಪ, ಬಾವಿ, ಹೊರೆಗಲ್ಲು, ವೀರಗಲ್ಲುಗಳು ರಸ್ತೆ ಬದಿಗೇ ಸಿಗುವುದು ಅದಕ್ಕೇ. ರಾಜ್ಯ ಪುರಾತತ್ವ ಇಲಾಖೆಯ ಗ್ರಾಮವಾರು ಸಮೀಕ್ಷೆಯ ಪುಸ್ತಕ ನಿಮ್ಮ ತಾಲ್ಲೂಕಿಗೆ ಬಂದಿದ್ದರೆ ಅದನ್ನೂ ನೋಡಿ.

ಉಪಗ್ರಹ ಚಿತ್ರದಲ್ಲಿ ಹಿಂದಿನ ವರ್ಷಗಳಿಗೆ ಹೋಗಿ ನೋಡುವ ಸೌಲಭ್ಯವಿದೆ, ಬೇಸಿಗೆಯ ಚಿತ್ರಗಳನ್ನೇ ಆರಿಸಿ. ಎರೆ ಹೊಲದ ಕಪ್ಪಿನ ನಡುವೆ ಬೂದು ಬಣ್ಣದ ದುಂಡು ಮಚ್ಚೆ ಕಂಡರೆ ಗುರುತು ಹಾಕಿ. ಅದು ಬೂದಿಗುಡ್ಡ ಇರಬಹುದು, ಹಳೆಯ ಹಾಳುಮಣ್ಣಿನ ದಿಬ್ಬ ಇರಬಹುದು, ಹೋದ ವರ್ಷ ಸುರಿದ ಕೆರೆ ಹೂಳೂ ಇರಬಹುದು. ಹಿಂದಿನ ಚಿತ್ರ ನೋಡಿದರೆ ಹೂಳಿನ ಗುಟ್ಟು ಬಯಲಾಗುತ್ತದೆ.

ಹೆಜ್ಜೆ 3: ಊರವರ ಜೊತೆ ಕೂರಿ

ನಾವು ಒಮ್ಮೆ ನಾಲ್ಕು ಜನ ಟೇಪು ಹಿಡಿದು ಹೊಲದಲ್ಲಿ ನಿಂತಿದ್ದಾಗ ಕುರಿ ಕಾಯುವ ಅಜ್ಜ ಒಬ್ಬರು ಬಂದು, “ಏನ್ರೀ ಸರ, ನಿಧಿ ಹುಡುಕಾಕ ಬಂದೀರೇನು?” ಎಂದರು. ಇಲ್ಲ ಅಜ್ಜಾ, ಬೋಕಿ (ಹಳೆ ಮಡಕೆಯ ಚೂರು) ಹುಡುಕಾಕ ಬಂದೀವಿ ಎಂದೆವು. ಅವರು ನಕ್ಕು, “ಬೋಕಿ ಬೇಕಾದ್ರ ಇಲ್ಯಾಕ ನಿಂತೀರಿ, ಹಳ್ಳದ ಆಚಿ ಮೋರೇರ ಮನಿ ಕಡೆ ನಡೀರಿ” ಎಂದರು. ಮೂರು ದಿನ ನಕ್ಷೆ ನೋಡಿಯೂ ಸಿಗದ ಶಿಲಾಸಮಾಧಿಗಳು (ದೊಡ್ಡ ಕಲ್ಲುಗಳಿಂದ ಕಟ್ಟಿದ ಪುರಾತನ ಗೋರಿಗಳು) ಅರ್ಧ ಗಂಟೆಯಲ್ಲಿ ಸಿಕ್ಕವು.

‘ಇಲ್ಲಿ ಪುರಾತನ ಅವಶೇಷಗಳಿವೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬುದೇ ಉತ್ತರ. ಕೇಳಬೇಕಾದ ರೀತಿ ಬೇರೆ. ಹಾಳೂರು ಎಲ್ಲಿ? ಹಳೆ ಊರು ಯಾಕೆ ಬಿಟ್ಟರು? ಪಾಂಡವರ ಮನೆ, ಮೋರೇರ ಮನೆ ಅನ್ನುವ ಜಾಗ ಇದೆಯೇ? ಗೆಯ್ಯುವಾಗ ನೇಗಿಲಿಗೆ ಗಡಿಗೆ ಸಿಕ್ಕದ್ದು ಯಾವ ಹೊಲ? ಸಿಡಿಲುಗಲ್ಲು ಯಾರ ಮನೆಯಲ್ಲಿದೆ? ನಯವಾಗಿ ಉಜ್ಜಿದ ನವಶಿಲಾಯುಗದ ಕೊಡಲಿಯನ್ನು ಸಿಡಿಲಿನ ಜೊತೆ ಬಿದ್ದ ಕಲ್ಲೆಂದು ನಂಬುವುದುಂಟು, ಗುಡಿಯಲ್ಲಿಟ್ಟು ಪೂಜಿಸುವುದೂ ಉಂಟು. ಬಾವಿ ತೋಡುವವರು, ಕುಂಬಾರರು, ಟ್ರ್ಯಾಕ್ಟರ್ ಓಡಿಸುವವರು, ದನ ಕಾಯುವ ಮಕ್ಕಳು, ಈ ನಾಲ್ಕು ಗುಂಪಿನ ಜೊತೆ ಮಾತಾಡದೆ ಹೊಲಕ್ಕೆ ಇಳಿಯಬೇಡಿ.

ನಿಧಿಯ ಮಾತು ತಮಾಷೆಯಲ್ಲ. ನೀವು ಗುರುತು ಮಾಡಿ ಹೋದ ರಾತ್ರಿಯೇ ಗುದ್ದಲಿ ಹಿಡಿದವರು ಬರಬಹುದು. ಪಂಚಾಯಿತಿಗೂ ಠಾಣೆಗೂ ಮೊದಲೇ ತಿಳಿಸಿ. ಸರಿಯಾದ ಅಕ್ಷಾಂಶ ರೇಖಾಂಶಗಳನ್ನು ವಾಟ್ಸ್ಆ್ಯಪ್ ಗುಂಪಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ.

ಹೆಜ್ಜೆ 4: ಸಾಲು ಹಿಡಿದು ನಡೆಯಿರಿ

ಕಾಲ ಮುಖ್ಯ. ಬೆಳೆ ನಿಂತ ಹೊಲದಲ್ಲಿ ಏನೂ ಕಾಣದು. ಹಿಂಗಾರಿ ಕೊಯ್ಲು ಮುಗಿದು, ನೇಗಿಲು ಹೊಡೆದು, ಭರಣಿಯೋ ಕೃತ್ತಿಕೆಯೋ ಒಂದು ಮಳೆ ಬಿದ್ದ ಮೇಲಿನ ವಾರವೇ ಹೇಳಿ ಮಾಡಿಸಿದ ಹೊತ್ತು. ಮಳೆ ಬೋಕಿಗಳ ಮೈ ತೊಳೆದಿರುತ್ತದೆ, ಬಿತ್ತನೆ ಇನ್ನೂ ಆಗಿರುವುದಿಲ್ಲ.

60 ಮೀಟರ್ ಅಗಲದ ಪಟ್ಟಿಗೆ ಆರು ಜನ, ತಲಾ 10 ಮೀಟರ್ ಅಂತರ. ನೂರು ನೂರು ಮೀಟರಿನ ತುಂಡು ಮಾಡಿಕೊಂಡು ಚೈನೇಜ್ ಸಂಖ್ಯೆಯಿಂದಲೇ ಹೆಸರಿಸಿ, ಆಗ ಎಂಜಿನಿಯರಿಗೂ ನಿಮಗೂ ಒಂದೇ ಭಾಷೆ. ನಡೆಯುವವನ ಕಣ್ಣಿಗೆ ಚೆನ್ನಾಗಿ ಬೀಳುವುದು ಎರಡೂ ಕಡೆ ಒಂದೊಂದು ಮೀಟರ್ ಮಾತ್ರ. ಲೆಕ್ಕ ಹಾಕಿದರೆ ನೀವು ನೋಡಿದ್ದು ನೆಲದ ಐದರಲ್ಲಿ ಒಂದು ಪಾಲು. ವರದಿಯಲ್ಲಿ ಇದನ್ನು ಮುಚ್ಚಿಡದೆ ಬರೆಯಿರಿ. ಒಂದು ತುಂಡಿನಲ್ಲಿ ಬೋಕಿ ದಟ್ಟವಾದರೆ ಅಲ್ಲಿ ನಿಂತು 10×10 ಮೀಟರಿನ ಚೌಕ ಹಾಕಿ ಎಣಿಸಿ, ಸುತ್ತ ಎಲ್ಲಿಯವರೆಗೆ ಹಬ್ಬಿದೆ ಎಂದು ಅಂಚು ಹುಡುಕಿ. ತಿಪ್ಪೆ ಗೊಬ್ಬರದ ಜೊತೆ ಹೊಲಕ್ಕೆ ಬಂದ ಚೂರು ಎಲ್ಲೆಡೆ ತೆಳುವಾಗಿ ಹರಡಿರುತ್ತದೆ. ಊರಿದ್ದ ಜಾಗದಲ್ಲಿ ಗುಂಪಾಗಿ ಬೀಳುತ್ತದೆ, ಬೂದಿಮಣ್ಣು, ಮೂಳೆ, ಅರೆಯುವ ಕಲ್ಲಿನ ತುಂಡು ಜೊತೆಗಿರುತ್ತವೆ.

ಬಾವಿಯ ಒಳಗೋಡೆ, ಕಾಲುವೆ ಕಡಿದ ದಂಡೆ, ಹಳ್ಳದ ಕೊರಕಲು ಇವು ಪುಕ್ಕಟೆ ಸಿಕ್ಕ ಉತ್ಖನನ. ಮೇಲ್ಮೈಯಲ್ಲಿ ಏನೂ ಕಾಣದ ಎರೆ ನೆಲದಲ್ಲಿ ಎರಡು ಮೀಟರ್ ಕೆಳಗೆ ಬೂದಿಯ ಪದರ ಕಂಡದ್ದಿದೆ. ಹಳೆ ಮೋರಿಗಳ ಕೆಳಗೂ ಬಗ್ಗಿ ನೋಡಿ. ಹಿಂದಿನ ತಲೆಮಾರಿನ ಗುತ್ತಿಗೆದಾರರು ಚಪ್ಪಡಿಗೆ ಏನು ಸಿಕ್ಕಿತೋ ಅದನ್ನು ಹೊದಿಸಿದ್ದಾರೆ. ಮಕಾಡೆ ಮಲಗಿದ ವೀರಗಲ್ಲು ನನಗೆ ಸಿಕ್ಕಿದ್ದು ಮೊಬೈಲನ್ನು ಮೋರಿಯೊಳಗೆ ಚಾಚಿ ತೆಗೆದ ಫೋಟೋದಲ್ಲಿ.

ಕೈಗೆ ಬಂದದ್ದು ಏನು?

ಕರಿ-ಕೆಂಪು ಬೋಕಿಯನ್ನು ಒಮ್ಮೆ ನೋಡಿದರೆ ಜೀವಮಾನ ಮರೆಯುವುದಿಲ್ಲ. ಒಳಮೈಯೂ ಕಂಠವೂ ಕಪ್ಪು, ಹೊರಗಿನ ಕೆಳಭಾಗ ಕೆಂಪು, ಉಗುರಿನಿಂದ ಸವರಿದರೆ ಜಾರುವ ನಯ. ಪಾತ್ರೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಾಗಿದ್ದು ಕೆಂಪಾಗುತ್ತದೆ ಎಂಬುದು ಸಾಮಾನ್ಯ ವಿವರಣೆ. ಇದು ಸಿಕ್ಕರೆ ಹತ್ತಿರದಲ್ಲಿ ಬೃಹತ್ ಶಿಲಾ ಸಮಾಧಿ ಇದೆಯೇ ಎಂದು ಹುಡುಕಿ: ದುಂಡಗೆ ನೆಟ್ಟ ಗುಂಡುಗಳು, ನೆಲದಿಂದ ಅಂಗುಲವಷ್ಟೇ ಇಣುಕುವ ಚಪ್ಪಡಿ ಅಂಚುಗಳು. ಅದಕ್ಕೂ ಹಳೆಯ ನವಶಿಲಾಯುಗದ್ದು ಬಹುತೇಕ ಬೂದುಬಣ್ಣದ, ಕೈಯಲ್ಲಿ ಮಾಡಿದ ದಪ್ಪ ಮಡಕೆ. ಕೆಂಪು ಮೈಯ ಮೇಲೆ ಬಿಳಿ ಗೆರೆಯ ಚಿತ್ತಾರ, ದೊಡ್ಡ ಅಳತೆಯ ಇಟ್ಟಿಗೆ ಕಂಡರೆ ಶಾತವಾಹನರ ಹೊತ್ತಿಗೆ ಬಂದಿದ್ದೀರಿ.

ಬೂದಿಗುಡ್ಡದ ಹೆಂಟೆಯನ್ನೂ ಕಬ್ಬಿಣದ ಕಿಟ್ಟವನ್ನೂ ಗೊಂದಲ ಮಾಡಿಕೊಳ್ಳುವವರು ಬಹಳ. ಕಿಟ್ಟ ಭಾರ, ಕಪ್ಪು, ಹರಿದು ಹೆಪ್ಪುಗಟ್ಟಿದ ಹೊಳಪು; ಬೂದಿಯ ಹೆಂಟೆ ಹಗುರ, ಬೂದು ಇಲ್ಲವೇ ಹಸಿರು ಛಾಯೆ. ಎರಡೂ ದಾಖಲಿಸಬೇಕಾದವೇ.

ಶಾಸನವೋ ಶಿಲ್ಪವೋ ಸಿಕ್ಕರೆ ಸುಣ್ಣ, ಚಾಕ್‌ಪೀಸ್, ಎಣ್ಣೆ ಹಚ್ಚಬೇಡಿ. ಮೆತ್ತನೆ ಬ್ರಷ್ಷು, ಸ್ವಲ್ಪ ನೀರು ಸಾಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ. ಸವೆದ ಅಕ್ಷರಕ್ಕೆ ರಾತ್ರಿ ಒಂದು ಪಕ್ಕದಿಂದ ಟಾರ್ಚು ಹಿಡಿದರೆ ಇನ್ನೂ ವಾಸಿ. ಪ್ರತಿ ಫೋಟೋದಲ್ಲೂ ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣ ಇರಲಿ.

ಹೆಜ್ಜೆ 5: ಬರೆದಿಡಿ, ಅಗೆಯಬೇಡಿ

ಪ್ರತಿ ತಾಣಕ್ಕೂ ಒಂದು ಹಾಳೆ: ಚೈನೇಜ್, ರಸ್ತೆಯ ಎಡವೋ ಬಲವೋ, ನಡುಗೆರೆಯಿಂದ ಎಷ್ಟು ಮೀಟರ್, ಸರ್ವೆ ನಂಬರ್ (ದಿಶಾಂಕ್ ಆ್ಯಪ್ ನಿಂತಲ್ಲೇ ತೋರಿಸುತ್ತದೆ), ಉದ್ದಗಲ, ಏನೇನು ಕಂಡಿತು, ಈಗಿನ ಸ್ಥಿತಿ, ಊರವರು ಕರೆಯುವ ಹೆಸರು. ಮೊಬೈಲಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ಹೋಗುವುದು ಮಾಮೂಲು. ಸ್ವಾಧೀನದ ಗಡಿಕಲ್ಲು ಪಕ್ಕದಲ್ಲೇ ಇದ್ದರೆ ಟೇಪು ಹಿಡಿದು ಅಳೆಯಿರಿ, ಆ ಐದು ಮೀಟರಿನಲ್ಲೇ ತಾಣ ಉಳಿಯುವುದೋ ಹೋಗುವುದೋ ನಿರ್ಧಾರವಾಗುತ್ತದೆ.

ಅನುಮತಿ ಇಲ್ಲದೆ ಏನನ್ನೂ ಎತ್ತಿ ಮನೆಗೆ ತರಬೇಡಿ. ಅಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪರವಾನಗಿ ಬೇಕು, ಅರ್ಧ ಅಡಿಯಾದರೂ ಸರಿ. ನಾಣ್ಯ, ಒಡವೆ ಕಂಡರೆ 1962ರ ರಾಜ್ಯದ ನಿಧಿ ಕಾಯ್ದೆಯಿದೆ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಆ ದಿನವೇ ಲಿಖಿತವಾಗಿ ತಿಳಿಸಿ.

ಯಂತ್ರಗಳ ಬಗ್ಗೆ ಒಂದು ಮಾತು. ನೆಲದೊಳಗೆ ಇಣುಕುವ ರೇಡಾರ್ ತರಿಸೋಣ ಎಂದು ಉತ್ಸಾಹ ಬರುತ್ತದೆ. ಜಿಗುಟಾದ ಎರೆ ಮಣ್ಣು ಆ ಅಲೆಗಳನ್ನು ನುಂಗಿಬಿಡುತ್ತದೆ, ಕೆಂಪು ಮರಳುಮಣ್ಣಿನಲ್ಲಿ ಪರವಾಗಿಲ್ಲ. ಸುಟ್ಟ ಮಣ್ಣು, ಕುಲುಮೆ, ಬೂದಿ ಹುಡುಕಲು ಕಾಂತಮಾಪಕ ಒಳ್ಳೆಯದು, ಆದರೆ ಬಳ್ಳಾರಿ ಸುತ್ತಿನ ಕರಿಕಲ್ಲಿನ ಸಾಲುಗಳು ಅದನ್ನೂ ದಾರಿ ತಪ್ಪಿಸುತ್ತವೆ. ನಡೆದು ಮುಗಿದ ಮೇಲೆ, ಅನುಮಾನ ಉಳಿದ ಜಾಗಕ್ಕಷ್ಟೇ ಯಂತ್ರ.

ಹೆಜ್ಜೆ 6: ಎಂಜಿನಿಯರಿಗೆ ಅರ್ಥವಾಗುವಂತೆ ಹೇಳಿ

‘ಈ ತಾಣ ಅತ್ಯಂತ ಮಹತ್ವದ್ದು’ ಎಂದು ಬರೆದರೆ ಯಾವ ಕಚೇರಿಯಲ್ಲೂ ಏನೂ ಆಗುವುದಿಲ್ಲ. ‘ಇಷ್ಟನೇ ಚೈನೇಜಿನಿಂದ ಇಷ್ಟನೇ ಚೈನೇಜಿನ ತನಕ ಅಗಲೀಕರಣವನ್ನು ಎಡಬದಿಯ ಬದಲು ಬಲಬದಿಗೆ ಮಾಡಬಹುದು’ ಎಂದು ಬರೆಯಿರಿ. ಗೆರೆ ಸರಿಸುವುದು ಮೊದಲ ಆಯ್ಕೆ. ಆಗದಿದ್ದರೆ ಸರ್ವಿಸ್ ರಸ್ತೆ ಕೈಬಿಡುವುದು, ಚರಂಡಿ ಸರಿಸುವುದು, ತಾಣವನ್ನು ಕಡಿಯದೆ ಮೇಲೆ ಮಣ್ಣು ತುಂಬುವುದು. ಯಾವುದೂ ಸಾಧ್ಯವಿಲ್ಲದಿದ್ದರೆ ಪರವಾನಗಿ ಪಡೆದು ಪೂರ್ತಿ ಉತ್ಖನನ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್–ಹಂಟಿಂಗ್ಡನ್ ನಡುವಿನ ಎ14 ರಸ್ತೆಯ 21 ಮೈಲಿಗೆ ಕಾಮಗಾರಿಯ ವೇಳಾಪಟ್ಟಿಯೊಳಗೇ ಇದಕ್ಕೆ ಜಾಗ ಇಟ್ಟು, ಇನ್ನೂರಕ್ಕೂ ಹೆಚ್ಚು ಪುರಾತತ್ವಜ್ಞರನ್ನು ಇಳಿಸಿದ್ದರು. ನಮ್ಮಲ್ಲಿ ಒಬ್ಬರು ಸಿಕ್ಕರೆ ಪುಣ್ಯ, ಅದಕ್ಕೇ ಗೆರೆ ಸರಿಸುವುದೇ ಸುಲಭ.

ಮಣ್ಣಿನ ಗುಂಡಿಯ ವಿಷಯದಲ್ಲಿ ಗೆಲುವು ಇನ್ನೂ ಸಲೀಸು. ರಸ್ತೆಯ ಗೆರೆ ಬದಲಿಸಲು ದೆಹಲಿಯವರೆಗೆ ಕಡತ ಹೋಗಬೇಕಾದೀತು. ಗುಂಡಿ ಬದಲಿಸಲು ಗುತ್ತಿಗೆದಾರನ ಸೈಟ್ ಎಂಜಿನಿಯರ್ ಮನಸ್ಸು ಮಾಡಿದರೆ ಸಾಕು. ತಾಣವಿರುವ ಸರ್ವೆ ನಂಬರುಗಳ ಒಂದು ಪುಟದ ಪಟ್ಟಿ ಮಾಡಿ, ‘ಇಲ್ಲಿ ಮಣ್ಣು ಎತ್ತಬೇಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಯೋಜನಾ ನಿರ್ದೇಶಕರು, ಜಿಲ್ಲಾಧಿಕಾರಿ, ಪುರಾತತ್ವ ಇಲಾಖೆಯ ಆಯುಕ್ತರು, ಆಯಾ ಪಂಚಾಯಿತಿ ಮತ್ತು ಸೈಟ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಲ್ಲು ಸರಿಸಲೇಬೇಕಾದರೆ

ವೀರಗಲ್ಲೋ ಮಾಸ್ತಿಕಲ್ಲೋ ಊರಿನ ಮಟ್ಟಿಗೆ ದೇವರು. ಎಣ್ಣೆ, ಕುಂಕುಮ ಕಂಡರೆ ಮೊದಲು ಪೂಜೆ ಮಾಡುವ ಮನೆಯ ಹಿರಿಯರನ್ನು ಕೇಳಿ. ಅವರು ದಿನ ನೋಡಿ, ಕಾಯಿ ಒಡೆದು, ತಾವೇ ಮುಂದೆ ನಿಂತು ಎತ್ತಿಸಿದ ಕಲ್ಲು ಮುಂದೆಯೂ ಊರಿನದೇ ಆಗಿ ಉಳಿಯುತ್ತದೆ. ಕೇಳದೆ ಎತ್ತಿದ್ದು ಯಾವುದೋ ಕಚೇರಿಯ ಹಿತ್ತಿಲಲ್ಲಿ ಮಲಗುತ್ತದೆ.

ಎತ್ತುವ ಮುಂಚೆ ಮುಖ ಯಾವ ದಿಕ್ಕಿಗಿದೆ, ಎಷ್ಟು ಹೂತಿದೆ ಎಂದು ದಾಖಲಿಸಿ. ಕೆಳಪಟ್ಟಿಕೆಯ ಹೋರಾಟದ ಚಿತ್ರ, ಕೆಲವೊಮ್ಮೆ ಶಾಸನದ ಸಾಲು ಮಣ್ಣೊಳಗೇ ಇರುತ್ತದೆ. ಜೆಸಿಬಿ ಹಲ್ಲು ತಾಗಿಸದೆ ಸುತ್ತ ಕೈಯಲ್ಲೇ ಬಿಡಿಸಿ. ಸರಪಳಿ ಬೇಡ, ನೈಲಾನ್ ಪಟ್ಟಿ ಬೇಕು, ನಡುವೆ ಗೋಣಿತಾಟು. ಕೆತ್ತನೆಯ ಮುಖ ಮೇಲೆ ಬರುವಂತೆ ಮರಳಿನ ಹಾಸಿನ ಮೇಲೆ ಮಲಗಿಸಿ ಸಾಗಿಸಿ, ಆದಷ್ಟು ಹತ್ತಿರದಲ್ಲಿ ಅದೇ ದಿಕ್ಕಿಗೆ ನಿಲ್ಲಿಸಿ. ಬುಡಕ್ಕೆ ಸಿಮೆಂಟ್ ಕಾಂಕ್ರೀಟ್ ಹಾಕುವ ಹುಕಿ ಎಲ್ಲರಿಗೂ ಬರುತ್ತದೆ, ಒಪ್ಪಬೇಡಿ. ಇನ್ನೊಮ್ಮೆ ಸರಿಸುವ ದಿನ ಬಂದರೆ ಕಲ್ಲು ಅಲ್ಲೇ ಮುರಿಯುತ್ತದೆ.

ಹೆಜ್ಜೆ 7: ಯಂತ್ರ ಇಳಿದ ಮೇಲೆ

ಹೆದ್ದಾರಿ ಗುತ್ತಿಗೆಯ ಕರಾರುಗಳಲ್ಲಿ ಪುರಾತನ ವಸ್ತು ಸಿಕ್ಕರೆ ತಿಳಿಸಬೇಕು, ಅದು ಗುತ್ತಿಗೆದಾರನದಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಷರತ್ತು ಜೆಸಿಬಿ ಓಡಿಸುವ ಹುಡುಗನಿಗೆ ಯಾರೂ ಓದಿ ಹೇಳಿರುವುದಿಲ್ಲ. ಕ್ಯಾಂಪಿಗೆ ಹೋಗಿ ಅರ್ಧ ಗಂಟೆ ಮಾತಾಡಿ. ಅವರಲ್ಲಿ ಅನೇಕರು ಬಿಹಾರ, ಒಡಿಶಾ, ಜಾರ್ಖಂಡದವರು; ಕನ್ನಡದ ಪೋಸ್ಟರ್ ಅಂಟಿಸಿದರೆ ಪ್ರಯೋಜನವಿಲ್ಲ. ಬೋಕಿ, ಮೂಳೆ, ಚಪ್ಪಡಿ, ಬೂದಿ ಪದರದ ದೊಡ್ಡ ಫೋಟೋಗಳನ್ನು ತೋರಿಸಿ, ‘ಇದು ಕಂಡರೆ ಬಕೆಟ್ ಎತ್ತಿ ನಿಲ್ಲಿಸು, ಈ ನಂಬರಿಗೆ ಫೋನ್ ಮಾಡು’ ಎಂದಷ್ಟೇ ಹೇಳಿ. ನಿಂತ ಹೊತ್ತಿನ ಬಾಡಿಗೆ ಯಾರು ಕೊಡುತ್ತಾರೆ ಎಂದು ಅವರು ಕೇಳೇ ಕೇಳುತ್ತಾರೆ. ಅದನ್ನು ಸೈಟ್ ಎಂಜಿನಿಯರ್ ಬಾಯಲ್ಲೇ ಅಲ್ಲೇ ಹೇಳಿಸಿ, ಇಲ್ಲದಿದ್ದರೆ ಒಬ್ಬನೂ ಫೋನ್ ಮಾಡುವುದಿಲ್ಲ.

ಕೊನೆಯ ನಡಿಗೆ ಕಾಮಗಾರಿ ಶುರುವಾದ ಮೇಲಿನ ಮೊದಲ ಮಳೆಗಾಲದಲ್ಲಿ. ಮಣ್ಣು ಎತ್ತಿದ ಗುಂಡಿಗಳ ಗೋಡೆ ಮಳೆಗೆ ತೊಳೆದು ಪದರ ಪದರವಾಗಿ ಕಾಣುತ್ತಿರುತ್ತದೆ. ನೀರು ತುಂಬುವ ಮುಂಚೆ ಒಂದೊಂದೇ ಗುಂಡಿಯ ಸುತ್ತ ನಡೆದು, ನಾಲ್ಕೂ ಗೋಡೆಯ ಫೋಟೋ ಅಳತೆಪಟ್ಟಿ ಸಮೇತ ತೆಗೆದುಕೊಳ್ಳಿ. ಗೋಡೆಯ ಹತ್ತಿರ ಒಬ್ಬರೇ ಇಳಿಯಬೇಡಿ, ನೆನೆದ ಗರಸು ಹೇಳದೆ ಕೇಳದೆ ಕುಸಿಯುತ್ತದೆ.